ಒಂದೇ ಸ್ವಿಚ್, ಮೂರು ಕಂಪ್ಯೂಟರ್, ಮೂರು ಸ್ಪೀಡ್

ಓದುಗರ ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶದ ಆರ್ಡರ್‌ಗಳೇ ಜಾಸ್ತಿ. ಕೆಳಗೆ ಎರಡು, ಮಹಡಿಯಲ್ಲಿ ಒಂದು ಎಡಿಟಿಂಗ್ ಕಂಪ್ಯೂಟರ್. ಫೈಲುಗಳೆಲ್ಲ ಕೌಂಟರ್ ಹಿಂದಿನ ನಾಸ್ ಪೆಟ್ಟಿಗೆಯಲ್ಲಿವೆ (ಎಲ್ಲ ಕಂಪ್ಯೂಟರಿಗೂ ನೆಟ್‌ವರ್ಕ್ ಮೂಲಕ ಸಿಗುವ ಸ್ಟೋರೇಜ್). ಹೋದ ವರ್ಷ ಇವನ್ನೆಲ್ಲ ಕೇಬಲ್ಲಿನಲ್ಲಿ ಜೋಡಿಸಲು 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿಸಿದೆವು. ಕೌಂಟರ್ ಪಕ್ಕದ ಕಂಪ್ಯೂಟರಿಗೆ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 110 ಎಂಬಿ ಬರುತ್ತದೆ. ಒಳರೂಮಿನದು 11 ದಾಟುವುದೇ ಇಲ್ಲ. ಮಹಡಿಯದು ಒಮ್ಮೆ 40, ಒಮ್ಮೆ 2. ಮಳೆ ಬಂದರೆ ಇನ್ನೂ ಹಾಳು. ಒಂದು ವಿಡಿಯೋ ನೋಡಿ ಮಹಡಿಯ ಕಂಪ್ಯೂಟರಿನಲ್ಲಿ ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಅನ್ನುವುದನ್ನು 100 ಫುಲ್‌ಗೆ ಇಟ್ಟೆ. ಆಮೇಲೆ 1 ಎಂಬಿಗೂ ಕಷ್ಟ, ಆದರೆ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪರೀಕ್ಷೆ) ಚೆನ್ನಾಗಿಯೇ ಬರುತ್ತದೆ. ಇಂಟರ್ನೆಟ್‌ನವರು ಪ್ಲಾನ್ ಜಾಸ್ತಿ ಮಾಡಿ ಅಂತಾರೆ, ಅಂಗಡಿಯವರು ಸ್ವಿಚ್ ಬದಲಾಯಿಸಿ ಅಂತಾರೆ. ವೈರಿಂಗ್ ಮಾಡಿದವರು ಮಹಡಿಯ ಕೇಬಲ್ಲಿಗೆ ಟೆಸ್ಟರ್ ಹಾಕಿ, ಎಂಟೂ ಲೈಟ್ ಬಂತು, ಕೇಬಲ್ ಸರಿಯಿದೆ ಅಂದರು. ಒಳರೂಮಿನ ಕೇಬಲ್ಲಿನಲ್ಲೇ ಇಂಟರ್‌ಕಾಮ್ ಕೂಡ ಹೋಗುತ್ತದೆ, ಇದು ಮುಖ್ಯವೋ ಇಲ್ಲವೋ ಗೊತ್ತಿಲ್ಲ. ಸದ್ಯದಲ್ಲೇ ಪಕ್ಕದ ಕಟ್ಟಡದಲ್ಲಿ ಆಲ್ಬಂ ಪ್ರಿಂಟಿಂಗ್ ಶುರು ಮಾಡುವವರಿದ್ದೇವೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ:

ಇಂಟರ್‌ಕಾಮ್ ವಿಷಯ ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಅರ್ಧ ಉತ್ತರ ಅಲ್ಲೇ ಇದೆ.

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ನೀವು ಕೇಳುತ್ತಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಒಳಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಒಳರೂಮಿನದು ಒಂದು, ಮಹಡಿಯದು ಇನ್ನೊಂದು. ಮಹಡಿಯದಕ್ಕೆ ವಿಡಿಯೋ ನೋಡಿ ಮಾಡಿದ ಬದಲಾವಣೆ ಸೇರಿ ಮೂರಾಯಿತು. ಎಲ್ಲದಕ್ಕೂ ಸೇರಿಸಿ ಒಂದೇ ಮದ್ದು ಹುಡುಕಿದರೆ ಪೆಟ್ಟಿಗೆಗಳು ಬದಲಾಗುತ್ತಾ ಹೋಗುತ್ತವೆ, ಸ್ಪೀಡ್ ಮಾತ್ರ ಬರುವುದಿಲ್ಲ.

ಮೊದಲು ಇಂಟರ್ನೆಟ್ ಪ್ಲಾನ್ ಮಾತು. ನಾಸ್‌ನಿಂದ ಕಂಪ್ಯೂಟರಿಗೆ ಫೈಲ್ ಹೋಗುವಾಗ ಅದು ನಿಮ್ಮ ಅಂಗಡಿಯ ಹೊಸ್ತಿಲು ದಾಟುವುದೇ ಇಲ್ಲ. ಇಂಟರ್ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟರೂ ಕಾಪಿ ನಡೆಯಬೇಕು. ಪ್ಲಾನ್ ಜಾಸ್ತಿ ಮಾಡಿದರೆ ಗಿರಾಕಿಗೆ ವಿಡಿಯೋ ಕಳಿಸುವುದು ಬೇಗ ಆಗಬಹುದು, ಇದಕ್ಕೆ ಏನೂ ಆಗುವುದಿಲ್ಲ.

ಸ್ವಿಚ್ ಬದಲಾಯಿಸುವ ಮಾತಿಗೆ ನಿಮ್ಮ ಕೌಂಟರ್ ಪಕ್ಕದ ಕಂಪ್ಯೂಟರೇ ಉತ್ತರ ಕೊಟ್ಟಿದೆ. ಅದಕ್ಕೆ 110 ಬರುತ್ತಿದೆ ಎಂದರೆ ನಾಸ್ ಸರಿಯಿದೆ, ನಾಸ್‌ನಿಂದ ಸ್ವಿಚ್‌ಗೆ ಬರುವ ಕೇಬಲ್ ಸರಿಯಿದೆ, ಸ್ವಿಚ್ಚೂ ಸರಿಯಿದೆ. ಆಗೊಮ್ಮೆ ಈಗೊಮ್ಮೆ ಒಂದೆರಡು ಪೋರ್ಟ್ ಮಾತ್ರ ಕೆಟ್ಟಿರುವುದುಂಟು, ಸಿಡಿಲಿನ ಸೀಸನ್ ಕಳೆದ ಮೇಲೆ ವಿಶೇಷವಾಗಿ. ಅದನ್ನು ತಿಳಿಯಲು ಹೊಸ ಸ್ವಿಚ್ ಬೇಕಿಲ್ಲ. ಒಳರೂಮಿನ ಕೇಬಲ್ಲನ್ನು ಚೆನ್ನಾಗಿರುವ ಪೋರ್ಟಿಗೆ ಹಾಕಿ ನೋಡಿ. ತೊಂದರೆ ಕೇಬಲ್ ಜೊತೆ ಬಂದರೆ ತಪ್ಪು ಕೇಬಲ್ಲಿನ ಕಡೆಯದು.

ಈಗ ಆ ಅಂಕಿಗಳನ್ನು ನೋಡೋಣ. ನಮ್ಮ ಕೆಲಸದಲ್ಲಿ ಅಂಕಿ ನೋಡಿದ ಕೂಡಲೇ ರೋಗ ಅರ್ಧ ಗೊತ್ತಾಗುತ್ತದೆ. ಸ್ವಿಚ್ಚಿನ ಮೇಲೆ ಬರೆದಿರುವುದು ಬಿಟ್ ಲೆಕ್ಕ, ಫೈಲ್ ಕಾಪಿ ಮಾಡುವಾಗ ಕಾಣುವುದು ಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 1000 ಮೆಗಾಬಿಟ್ ಎಂದರೆ 125 ಎಂಬಿ, ದಾರಿಖರ್ಚು ಕಳೆದು ಕೈಗೆ ಸಿಗುವುದು 110ರಿಂದ 118. 100 ಮೆಗಾಬಿಟ್ ಎಂದರೆ 12.5, ಕೈಗೆ 11 ಚಿಲ್ಲರೆ. ನಿಮ್ಮ ಒಳರೂಮು ಹಗಲೂ ರಾತ್ರಿ 11ರಲ್ಲೇ ನಿಂತಿದೆ, ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಅಂದರೆ ಅದು ನಿಧಾನವಾಗಿ ಓಡುತ್ತಿರುವ ಗಿಗಾಬಿಟ್ ಅಲ್ಲ. ಪೂರಾ ಸ್ಪೀಡಿನಲ್ಲಿ, ಆರೋಗ್ಯವಾಗಿ ಓಡುತ್ತಿರುವ 100 ಮೆಗಾಬಿಟ್ ಸಂಪರ್ಕ. 200 ಜಿಬಿ ಮದುವೆ ವಿಡಿಯೋ ಕೌಂಟರ್ ಪಕ್ಕದಲ್ಲಿ ಅರ್ಧ ಗಂಟೆಗೆ ಇಳಿದರೆ ಒಳರೂಮಿನಲ್ಲಿ ಐದು ಗಂಟೆ ಹಿಡಿಯುತ್ತದೆ.

ಇದನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಈಥರ್ನೆಟ್ ತೆರೆಯಿರಿ. ಲಿಂಕ್ ಸ್ಪೀಡ್ ಅಂತ ಒಂದು ಸಾಲಿರುತ್ತದೆ. ಅಲ್ಲಿ 100/100 ಕಂಡರೆ ನಾನು ಹೇಳಿದ್ದು ನಿಜ. ಸ್ವಿಚ್ಚಿನ ಪುಟ್ಟ ದೀಪವೂ ಇದನ್ನೇ ಹೇಳುತ್ತದೆ. ಸಾಮಾನ್ಯವಾಗಿ ಗಿಗಾಬಿಟ್‌ಗೆ ಹಸಿರು, 100ಕ್ಕೆ ಹಳದಿ. ಆದರೆ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಸ್ವಿಚ್ ಜೊತೆ ಬಂದ ಚೀಟಿ ನೋಡಿಕೊಳ್ಳಿ.

ಗಿಗಾಬಿಟ್ ಕಂಪ್ಯೂಟರ್, ಗಿಗಾಬಿಟ್ ಸ್ವಿಚ್, ಆದರೂ ಮಧ್ಯೆ 100 ಯಾಕೆ? ಕೇಬಲ್ ಒಳಗೆ ನಾಲ್ಕು ಜೊತೆ ತಂತಿಗಳಿವೆ, ಒಟ್ಟು ಎಂಟು. ಹಳೆಯ 100 ಮೆಗಾಬಿಟ್‌ಗೆ ಕಿತ್ತಳೆ ಜೊತೆ, ಹಸಿರು ಜೊತೆ, ಇವೆರಡೇ ಸಾಕು. ನೀಲಿ, ಕಂದು ಸುಮ್ನೆ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ತಾಮ್ರದ ಕೇಬಲ್ ಮೇಲೆ ಗಿಗಾಬಿಟ್ ಕಳಿಸುವ ನಿಯಮ 1999ರಲ್ಲಿ ಬಂದಾಗಿನಿಂದ ಇದು ಹೀಗೆಯೇ. ಈ ನೀಲಿ, ಕಂದು ಜೊತೆಗಳಲ್ಲಿ ಒಂದು ತಂತಿ ತುಂಡಾದರೂ, ಒಂದು ಪಿನ್ ಸರಿಯಾಗಿ ಕಚ್ಚದಿದ್ದರೂ, ಎರಡು ಕಡೆಯ ಯಂತ್ರಗಳು ಗಿಗಾಬಿಟ್‌ಗೆ ಒಂದೆರಡು ಸಲ ಪ್ರಯತ್ನಿಸಿ, ಆಗದೆ 100ಕ್ಕೆ ಇಳಿದುಬಿಡುತ್ತವೆ. ಎಲ್ಲೂ ಎಚ್ಚರಿಕೆ ಬರುವುದಿಲ್ಲ. ಇಂಟರ್ನೆಟ್ ನೋಡಲು ತೊಂದರೆಯಿಲ್ಲ, ಬಿಲ್ಲಿಂಗ್‌ಗೆ ತೊಂದರೆಯಿಲ್ಲ. ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಹತ್ತರಲ್ಲಿ ಒಂಬತ್ತು ಕಡೆ ಇದಕ್ಕೆ ಕಾರಣ ಕ್ರಿಂಪ್ ಸರಿಯಿಲ್ಲದ, ಅಂದರೆ ತಂತಿಗಳನ್ನು ಸರಿಯಾಗಿ ಒತ್ತಿ ಕೂರಿಸದ, ಕೇಬಲ್ ತುದಿಯ ಜಾಕ್ ಎಂದೇ ನಾನು ಹೇಳುತ್ತಿದ್ದೆ. ನಿಮ್ಮಲ್ಲಿ ಕಾರಣ ಬೇರೆ. ಸ್ಟುಡಿಯೋ ಕಟ್ಟುವಾಗ ಇಂಟರ್‌ಕಾಮ್‌ಗೆ ಬೇರೆ ವೈರ್ ಎಳೆಯುವುದು ಯಾಕೆ, ಹೇಗೂ ಎರಡು ಜೊತೆ ಖಾಲಿ ಇವೆ ಎಂದು ನೀಲಿ ಜೊತೆಯನ್ನು ಇಂಟರ್‌ಕಾಮ್‌ಗೆ ಕೊಟ್ಟಿದ್ದಾರೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಹಳೆಯ ಕಚೇರಿಗಳಲ್ಲಿ, ಎಸ್ಟೇಟ್ ಆಫೀಸುಗಳಲ್ಲಿ ಇದು ಎಷ್ಟೋ ಸಲ ಸಿಗುತ್ತದೆ. ಆ ಕಾಲಕ್ಕೆ ಅದು ತಪ್ಪೇನಲ್ಲ, 100 ಮೆಗಾಬಿಟ್‌ಗೆ ನಡೆಯುತ್ತಿತ್ತು. ಜಾಕ್ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಎಂಟು ಬಣ್ಣ ಸಾಲಾಗಿ ಕಾಣಬೇಕು. ನಡುವಿನ ಎರಡು ಜಾಗ ಖಾಲಿ ಇದ್ದು, ನೀಲಿ ತಂತಿಗಳು ಹಿಂದೆ ಮಡಚಿಕೊಂಡು ಇನ್ನೊಂದು ಕಡೆ ಹೋಗಿದ್ದರೆ ಕಥೆ ಮುಗಿಯಿತು.

ಇಲ್ಲೊಂದು ಎಚ್ಚರಿಕೆ. ನೀಲಿ ತಂತಿ ತಾನೇ, ಎಳೆದು ಜಾಕ್‌ಗೆ ಸೇರಿಸಿಬಿಡೋಣ ಅಂತ ನೀವೇ ಕೈ ಹಾಕಬೇಡಿ. ಇಂಟರ್‌ಕಾಮ್ ಎಕ್ಸ್‌ಚೇಂಜ್ ಪೆಟ್ಟಿಗೆಯಿಂದ ಬರುತ್ತಿದ್ದರೆ ಗಂಟೆ ಹೊಡೆಯುವಾಗ ಆ ತಂತಿಯಲ್ಲಿ ಹತ್ತಾರು ವೋಲ್ಟ್ ಬರುತ್ತದೆ. ಇನ್ನೊಂದು ತುದಿಯಲ್ಲಿ ಬಿಡಿಸದೆ ಇಲ್ಲಿ ಸೇರಿಸಿದರೆ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಗಬಹುದು. ಮೊದಲು ಎರಡೂ ಕಡೆ ಇಂಟರ್‌ಕಾಮ್ ಬಿಡಿಸಿ, ಅದಕ್ಕೆ ಬೇರೆ ತೆಳ್ಳಗಿನ ಟೆಲಿಫೋನ್ ವೈರ್ ಎಳೆಸಿ, ಆಮೇಲೆ ಈ ಕೇಬಲ್ಲಿನ ಎರಡು ತುದಿಗೂ ಹೊಸ ಜಾಕ್ ಹಾಕಿಸಿ. ಅಥವಾ ಹಳೆಯದನ್ನು ಇಂಟರ್‌ಕಾಮ್‌ಗೇ ಬಿಟ್ಟು ಹೊಸ ಕೇಬಲ್ ಎಳೆಸಿ. ಪೈಪಿನಲ್ಲಿ ಜಾಗ ಇದ್ದರೆ ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ. ಮೂರನೆಯ ದಾರಿಯೂ ಇದೆ. ಒಳರೂಮಿನ ಕಂಪ್ಯೂಟರಿನಲ್ಲಿ ಬರೀ ಆಲ್ಬಂ ಡಿಸೈನ್ ಮತ್ತು ಬಿಲ್ ಕೆಲಸ ಆಗುವುದಾದರೆ ಹಾಗೇ ಬಿಡಿ. ಅದಕ್ಕೆ 11 ಎಂಬಿ ಧಾರಾಳ.

ಮಹಡಿಯದು ಸ್ವಲ್ಪ ತಂಟೆಯದು. ಮೊದಲ ಕೆಲಸ, ವಿಡಿಯೋ ನೋಡಿ ಬದಲಾಯಿಸಿದ್ದನ್ನು ಇವತ್ತೇ ವಾಪಸ್ ಆಟೋ ನೆಗೋಸಿಯೇಷನ್‌ಗೆ (ಎರಡು ಕಡೆಯ ಯಂತ್ರಗಳು ತಾವೇ ಮಾತಾಡಿಕೊಂಡು ಸ್ಪೀಡ್ ಗೊತ್ತುಮಾಡುವುದು) ಇಡಿ.

ಆ ಸಲಹೆ ಎಲ್ಲಿಂದಲೋ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಕಂಪನಿಗೊಂದು ತರಹದ ಆಟೋ ಇದ್ದು, ಒಂದಕ್ಕೊಂದು ಹೊಂದದೆ, ಎರಡೂ ಕಡೆ ಕೈಯಾರೆ 100 ಫುಲ್ ಇಡುವ ರೂಢಿ ಇತ್ತು. ಎರಡೂ ಕಡೆ, ಇದು ಮುಖ್ಯ. ನೀವು ಇಟ್ಟಿದ್ದು ಕಂಪ್ಯೂಟರ್ ಕಡೆ ಮಾತ್ರ. ನಿಮ್ಮದು ಸೆಟ್ಟಿಂಗ್ ಇಲ್ಲದ ಸಾದಾ ಸ್ವಿಚ್ ಆಗಿದ್ದರೆ ಅದರ ಕಡೆ ಇಡುವುದಕ್ಕೆ ದಾರಿಯೇ ಇಲ್ಲ. ಕಂಪ್ಯೂಟರ್ ಕೈಯಾರೆ ಇಟ್ಟ ಸ್ಪೀಡಿನಲ್ಲಿದ್ದಾಗ ಅದು ಸ್ವಿಚ್ ಜೊತೆ ಮಾತುಕತೆ ನಿಲ್ಲಿಸುತ್ತದೆ. ಸ್ವಿಚ್ ಬರುತ್ತಿರುವ ಸಿಗ್ನಲ್ ನೋಡಿ 100 ಎಂದು ಕಂಡುಹಿಡಿಯುತ್ತದೆ, ಆದರೆ ಫುಲ್ಲೋ ಹಾಫೋ ತಿಳಿಯಲು ಅದಕ್ಕೆ ಬೇರೆ ದಾರಿಯಿಲ್ಲ. ಆಗ ಹಾಫ್ ಅಂದುಕೋ ಅನ್ನುತ್ತದೆ ನಿಯಮ. ಈಗ ಒಂದು ಕಡೆ ಫುಲ್, ಒಂದು ಕಡೆ ಹಾಫ್.

ಶಿರಾಡಿ ಘಾಟಿಯಲ್ಲಿ ರಸ್ತೆ ಕೆಲಸ ನಡೆಯುವಾಗ ಒಂದು ಕಡೆಯ ಗಾಡಿ ನಿಲ್ಲಿಸಿ ಇನ್ನೊಂದು ಕಡೆಯದನ್ನು ಬಿಡುತ್ತಾರಲ್ಲ, ಹಾಫ್ ಡ್ಯೂಪ್ಲೆಕ್ಸ್ ಅಂದರೆ ಅದು. ಸಕಲೇಶಪುರದ ಕಡೆಯವರು ಹಾಗೆ ಕಾಯುತ್ತಿರುವಾಗ ಗುಂಡ್ಯ ಕಡೆಯಿಂದ ಬರುವವರು ಇದು ಡಬಲ್ ರೋಡ್ ಅಂದುಕೊಂಡು ನುಗ್ಗಿದರೆ ಏನಾಗುತ್ತದೋ ನಿಮ್ಮ ಕೇಬಲ್ಲಿನಲ್ಲಿ ಅದೇ ಆಗುತ್ತಿದೆ. ಪಿಂಗ್ ಚೆನ್ನಾಗಿ ಬರುವುದೂ ಇದಕ್ಕೇ. ಪಿಂಗ್ ಎಂದರೆ ಒಂದು ಸಣ್ಣ ಪ್ಯಾಕೆಟ್, ಅಂದರೆ ಡೇಟಾದ ತುಂಡು, ಹೋಗುತ್ತದೆ, ಅದು ಬಂದ ಮೇಲೆ ಇನ್ನೊಂದು. ಎದುರುಬದುರಾಗುವ ಸಂದರ್ಭವೇ ಕಡಿಮೆ. ಫೈಲ್ ಕಾಪಿಯಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಓಡಾಟ, ಡಿಕ್ಕಿ, ಕಳೆದುಹೋದದ್ದನ್ನು ಮತ್ತೆ ಕಳಿಸುವುದು. ಪಿಂಗ್ ಸರಿ, ಕಾಪಿ ಸಾವು ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ನಾನು ಮೊದಲು ಕೇಳುವುದೇ ಡ್ಯೂಪ್ಲೆಕ್ಸ್ ಮುಟ್ಟಿದ್ದೀರಾ ಅಂತ. ಇನ್ನೊಂದು ಮಾತು, ಗಿಗಾಬಿಟ್‌ಗೆ ಆಟೋ ಕಡ್ಡಾಯ. 100ಕ್ಕೆ ಇಟ್ಟ ಕ್ಷಣವೇ ನೀವು ಗಿಗಾಬಿಟ್ ಬಿಟ್ಟುಕೊಟ್ಟಿರಿ.

ಆಟೋಗೆ ಇಟ್ಟ ಮೇಲೆ ಹಳೆಯ ತೊಂದರೆ ಹಾಗೇ ಉಳಿಯುತ್ತದೆ. ಒಮ್ಮೆ 40, ಒಮ್ಮೆ 2, ಮಳೆಗೆ ಇನ್ನೂ ಕಡಿಮೆ. ಇಲ್ಲಿ ಲಿಂಕ್ ಸ್ಪೀಡ್ 1000 ಅಂತಲೇ ತೋರಿಸಬಹುದು, ಮೋಸ ಹೋಗಬೇಡಿ. ಸಂಪರ್ಕ ಗಿಗಾಬಿಟ್ ಆಗಿದೆ, ಆದರೆ ಪ್ಯಾಕೆಟ್ಟುಗಳು ದಾರಿಯಲ್ಲಿ ಕೆಡುತ್ತಿವೆ. ದೊಡ್ಡ ಫೈಲ್ ಒಂದನ್ನು ಕಾಪಿಗೆ ಹಾಕಿ, ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್, ಒಂದು ಜಾಗ, ಮೈನಸ್ ಇ ಎಂದು ಟೈಪ್ ಮಾಡಿ. ಎರರ್ಸ್ ಅನ್ನುವ ಸಾಲು ಸೊನ್ನೆ ಇರಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಾಗ ಅದು ಏರುತ್ತಿದ್ದರೆ ತೊಂದರೆ ಕೇಬಲ್ಲಿನದೇ. ಕೆಲವು ಡ್ರೈವರುಗಳು ಈ ಲೆಕ್ಕ ಸರಿಯಾಗಿ ಕೊಡುವುದಿಲ್ಲ, ಹಾಗಾಗಿ ಸೊನ್ನೆ ಕಂಡ ಮಾತ್ರಕ್ಕೆ ಕೇಬಲ್ಲಿಗೆ ಸರ್ಟಿಫಿಕೇಟ್ ಕೊಡಬೇಡಿ. ಕಂಪ್ಯೂಟರನ್ನೇ ಕೆಳಗೆ ತಂದು, ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ಯಾಚ್ ಕಾರ್ಡ್‌ನಲ್ಲಿ ಸ್ವಿಚ್‌ಗೆ ಹಾಕಿ ಕಾಪಿ ಮಾಡಿದರೆ ಸಂಶಯವೇ ಉಳಿಯದು. 110 ಬಂತು ಎಂದರೆ ಕಂಪ್ಯೂಟರ್ ಸರಿ.

ಅಲ್ಲೂ 35-40ರಲ್ಲೇ ನಿಂತರೆ? ಆಗ ಅದು ಯುಎಸ್‌ಬಿಯಿಂದ ಲ್ಯಾನ್ ಮಾಡುವ ಅಡಾಪ್ಟರೋ ನೋಡಿ. ಗಿಗಾಬಿಟ್ ಅಡಾಪ್ಟರನ್ನು ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಅಷ್ಟೇ ಬರುವುದು. ಪಕ್ಕದ ನೀಲಿ ಕಿಂಡಿಗೆ ಹಾಕಿದರೆ ಒಂದು ಪೈಸೆ ಖರ್ಚಿಲ್ಲದೆ ಸರಿಹೋಗುತ್ತದೆ. ಹಾಗೆಯೇ 60-80 ನಡುವೆ ಏರಿಳಿದರೆ ಆ ಕಂಪ್ಯೂಟರಿನ ಹಳೆಯ ಹಾರ್ಡ್‌ಡಿಸ್ಕ್ ಮೇಲೆ ನನ್ನ ಗುಮಾನಿ. ಸಾವಿರಾರು ಸಣ್ಣ ಫೋಟೋ ಕಾಪಿ ಮಾಡುವಾಗ ಸ್ಪೀಡ್ ಬೀಳುವುದು ಸಹಜ, ಪರೀಕ್ಷೆಗೆ ಯಾವಾಗಲೂ ಒಂದೇ ದೊಡ್ಡ ವಿಡಿಯೋ ಫೈಲ್ ಬಳಸಿ.

ಇನ್ನು, ಎಂಟೂ ಲೈಟ್ ಬಂತು ಅನ್ನುವ ಮಾತು. ಆ ಪುಟ್ಟ ಟೆಸ್ಟರ್ ಹೇಳುವುದು ಒಂದನೇ ಪಿನ್ ಆ ಕಡೆ ಒಂದನೇ ಪಿನ್‌ಗೆ ಮುಟ್ಟಿದೆ ಎಂದಷ್ಟೇ. ತಂತಿಗಳು ಸರಿಯಾದ ಜೊತೆಯಲ್ಲಿವೆಯೇ ಎಂದು ಅದು ನೋಡುವುದಿಲ್ಲ. ಕೇಬಲ್ ಒಳಗೆ ಎರಡೆರಡು ತಂತಿಗಳನ್ನು ಹುರಿ ಹೊಸೆದಿರುವುದು ಅಂದಕ್ಕಲ್ಲ. ಒಂದು ಜೊತೆಯ ಸಿಗ್ನಲ್ ಪಕ್ಕದ ಜೊತೆಗೆ ಸೋರದಿರಲಿ ಅಂತ. ಜಾಕ್‌ನಲ್ಲಿ 1-2 ಒಂದು ಜೊತೆ, 3-6 ಒಂದು ಜೊತೆ, 4-5 ಒಂದು, 7-8 ಒಂದು. ಮೂರು ಮತ್ತು ಆರು ಪಕ್ಕಪಕ್ಕ ಇಲ್ಲ, ನೋಡಿದಿರಾ? ಇಲ್ಲೇ ಎಲ್ಲರೂ ಎಡವುವುದು. ಗೊತ್ತಿಲ್ಲದವರು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು ಎಂದು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಾರೆ. ಎರಡೂ ತುದಿಗೆ ಹಾಗೇ ಮಾಡಿದರೆ ಟೆಸ್ಟರಿನ ಎಂಟೂ ಲೈಟ್ ಉರಿಯುತ್ತವೆ. ಆದರೆ ಒಂದೇ ಸಿಗ್ನಲ್ಲಿನ ಎರಡು ತಂತಿಗಳು ಬೇರೆ ಬೇರೆ ಹುರಿಯಲ್ಲಿ ಹೋಗುತ್ತಿರುತ್ತವೆ. ಎರಡು ಮೀಟರಿಗೆ ಹೇಗೋ ನಡೆದೀತು, ಮಹಡಿಗೆ ಹೋಗುವಷ್ಟರಲ್ಲಿ ಎರರ್‌ಗಳ ಸರಮಾಲೆ. ಸರಿಯಾದ ಕ್ರಮ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜಾಕ್ ಒಳಗೆ ಹುರಿ ಬಿಚ್ಚುವುದೂ ಅರ್ಧ ಇಂಚಿಗಿಂತ ಜಾಸ್ತಿ ಇರಬಾರದು. ಕೆಲಸ ಸುಲಭವಾಗಲಿ ಎಂದು ಎರಡಿಂಚು ಬಿಚ್ಚಿ, ಹೊರಕವಚವನ್ನು ಜಾಕ್ ಹೊರಗೇ ಬಿಟ್ಟಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸದು ಹಾಕಿಸಿ.

ಮಳೆಯ ಗುಟ್ಟು ಬೇರೆ. ನಿಮ್ಮ ಮಹಡಿಯ ಕೇಬಲ್ ಕಿಟಕಿಯಿಂದ ಹೊರಗೆ ಬಂದು ಗೋಡೆ ಮೇಲೆ ಏರಿರಬೇಕು ಎಂದು ನನ್ನ ಊಹೆ. ಒಳಾಂಗಣದ ಬೂದು ಕೇಬಲ್ಲಿನ ಕವಚ ಬಿಸಿಲಿಗೆ ಬಿರುಸಾಗಿ ಸೀಳು ಬಿಡುತ್ತದೆ. ಸಣ್ಣ ಸೀಳಿನಿಂದ ಒಳಗೆ ಹೋದ ನೀರು ತಂತಿಗಳ ಮಧ್ಯೆ ಹರಿದು ಎಷ್ಟೋ ದೂರ ಹೋಗುತ್ತದೆ, ಬೇಗ ಒಣಗುವುದೂ ಇಲ್ಲ. ಜಾಕ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು ಕಂಡರೆ ನೀರು ಅಲ್ಲಿಯವರೆಗೂ ಬಂದಿದೆ ಎಂದು ಅರ್ಥ. ಇಂಥ ಕೇಬಲ್ಲನ್ನು ರಿಪೇರಿ ಮಾಡಿಸಬೇಡಿ, ತೆಗೆದು ಬಿಸಾಕಿ. ಮಧ್ಯದಲ್ಲಿ ಕತ್ತರಿಸಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಎಲ್ಲಾದರೂ ಇದ್ದರೆ ಅದೂ ಅಷ್ಟೇ. ಹೊರಗೆ ಹೋಗುವುದಕ್ಕೆ ಕಪ್ಪು ಕವಚದ ಔಟ್‌ಡೋರ್ ಕೇಬಲ್ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಸಾಧ್ಯವಾದರೆ ಮೆಟ್ಟಿಲ ಪಕ್ಕ ಒಳಗಿನಿಂದಲೇ ಪೈಪ್ ಹಾಕಿ ಒಯ್ಯುವುದು. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಬೇಡ. ಸ್ಪೀಡಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಹೊಸ ಕೇಬಲ್ ಕೊಳ್ಳುವಾಗ ಕ್ಯಾಟ್ 6 (ಕೇಬಲ್ಲಿನ ಒಂದು ದರ್ಜೆ) ಅಂತ ಮೇಲೆ ಅಚ್ಚಾಗಿದೆ ಎಂದು ನಂಬಬೇಡಿ. ಅಚ್ಚು ಹಾಕಲು ಯಾರಿಗೂ ಕಷ್ಟವಿಲ್ಲ. ಮಾರುಕಟ್ಟೆಯಲ್ಲಿ ಸಿಸಿಎ ಎಂಬ ಮಾಲು ತುಂಬಾ ಇದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ತಾಮ್ರಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ವಿದ್ಯುತ್ ಹರಿಸುವುದು ನೂರಕ್ಕೆ ಅರವತ್ತರಷ್ಟು, ಮಡಚಿದರೆ ಬೇಗ ಮುರಿಯುತ್ತದೆ. ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಗೆ ಕರೆಂಟ್ ಕಳಿಸಿದರೆ ಬಿಸಿಯೂ ಆಗುತ್ತದೆ. ಪರೀಕ್ಷೆ ಸುಲಭ. ಒಂದು ತಂತಿಯ ತುದಿ ಬಿಡಿಸಿ ಬ್ಲೇಡಿನಲ್ಲಿ ಮೆಲ್ಲಗೆ ಕೆರೆಯಿರಿ. ಒಳಗೂ ಕೆಂಪಾಗಿಯೇ ಇದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. 305 ಮೀಟರಿನ ಪೆಟ್ಟಿಗೆ ಎತ್ತಿ ನೋಡಿದರೂ ತೂಕದಲ್ಲಿ ಗೊತ್ತಾಗುತ್ತದೆ. ಗಿಗಾಬಿಟ್‌ಗೆ ಒಳ್ಳೆಯ ತಾಮ್ರದ ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಹೋಗುತ್ತದೆ. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿ, ಬೇಡ ಅನ್ನಲ್ಲ. ಆದರೆ ನಕಲಿ ಕ್ಯಾಟ್ 6ಗಿಂತ ಅಸಲಿ 5ಇ ಮೇಲು. ಕ್ಯಾಟ್ 7, ಚಿನ್ನದ ಜಾಕ್ ಅಂತ ಹೇಳಿದರೆ ನಗುತ್ತಾ ಮುಂದೆ ಹೋಗಿ.

ವೈಫೈ ಹಾಕಿಬಿಡೋಣ ಅಂತ ಯಾರಾದರೂ ಹೇಳಬಹುದು. ಬ್ರೌಸಿಂಗ್‌ಗೆ ಸರಿ, ಸ್ಲ್ಯಾಬ್ ದಾಟಿ 200 ಜಿಬಿ ಒಯ್ಯುವುದಕ್ಕೆ ನನಗೆ ಧೈರ್ಯವಿಲ್ಲ.

ಕೊನೆಗೆ ಪಕ್ಕದ ಕಟ್ಟಡ. ಇದರಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಎರಡು ಕಟ್ಟಡಗಳ ಮಧ್ಯೆ ತಾಮ್ರದ ಕೇಬಲ್ ಬೇಡವೇ ಬೇಡ. ದೂರ ಹತ್ತೇ ಮೀಟರ್ ಇರಲಿ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆ ನಮ್ಮ ಕಡೆ ಹೇಗಿರುತ್ತದೆ ನಿಮಗೆ ಗೊತ್ತು. ಸಿಡಿಲು ನೇರವಾಗಿ ಕೇಬಲ್ಲಿಗೇ ಹೊಡೆಯಬೇಕಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು, ಅದು ನಿಮ್ಮ ಕೇಬಲ್ಲಿನಲ್ಲಿ ಹರಿದು ಎರಡೂ ಕಡೆಯ ಪೋರ್ಟುಗಳನ್ನು ಒಯ್ಯುತ್ತದೆ. ಸ್ವಿಚ್ ಹೋದರೆ ಹೋಗಲಿ, ಅದರ ಹಿಂದೆ ನಾಸ್ ಇದೆ, ಅದರಲ್ಲಿ ಗಿರಾಕಿಗಳ ಮದುವೆ ಇದೆ.

ಅಲ್ಲಿಗೆ ಫೈಬರ್ ಎಳೆಸಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಿಂಗಲ್ ಮೋಡ್ ಫೈಬರ್, ಎರಡು ಕಡೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲ್ಲಾಗಿ, ಅದನ್ನು ಮತ್ತೆ ಬೆಳಕಾಗಿ ಬದಲಾಯಿಸುವ ಪೆಟ್ಟಿಗೆ). ಮನೆಮನೆಗೆ ಇಂಟರ್ನೆಟ್ ಎಳೆಯುವ ಹುಡುಗರೇ ಇದನ್ನು ಸ್ಪ್ಲೈಸ್ ಮಾಡಿ, ಅಂದರೆ ಎಳೆಗಳನ್ನು ಬೆಸೆದು, ಕೊಡುತ್ತಾರೆ. ಎರಡು ವಿಷಯ ಮಾತ್ರ ನೀವೇ ನಿಂತು ನೋಡಿ. ಒಂದು, ಫೈಬರ್ ಕೇಬಲ್ ಒಳಗೆ ಬಿಗಿಗೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ಒಳಗೆ ತಂದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟಂತೆ. ಉಕ್ಕಿನ ಬದಲು ಫೈಬರ್‌ಗ್ಲಾಸ್ ಕಡ್ಡಿ ಇರುವುದನ್ನು ಕೇಳಿ. ಎರಡು, ಕನ್ವರ್ಟರ್ ಪೆಟ್ಟಿಗೆ ಮೇಲೆ 10/100/1000 ಎಂದು ಇದೆಯೇ ಓದಿ. ಕಡಿಮೆ ಬೆಲೆಗೆ ಸಿಗುವ ಎಷ್ಟೋ ಕನ್ವರ್ಟರುಗಳು 10/100 ಅಷ್ಟೇ. ಅದನ್ನು ಹಾಕಿದರೆ ಪ್ರಿಂಟಿಂಗ್ ಕಂಪ್ಯೂಟರಿನಲ್ಲೂ 11 ಎಂಬಿಯೇ ಕಾಣುತ್ತದೆ.